ದಾವಣಗೆರೆಯ ಅಪಾರ್ಟ್‌ಮೆಂಟಿಗೆ ಬಿಸಿಲಿನ ಲೆಕ್ಕ

ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಿತ್ರದುರ್ಗವೂ ಹೆಚ್ಚುಕಡಿಮೆ ಅಷ್ಟೇ. ನಕ್ಷೆಗೆ ಕೂರುವ ಮೊದಲು ಈ ಸಂಖ್ಯೆ ಬರೆದಿಟ್ಟುಕೊಳ್ಳಿ.

ದಕ್ಷಿಣದ ಗೋಡೆ ಸುಲಭ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ಆ ಕಡೆ 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಕಿಟಕಿಯ ಮೇಲೆ 2 ಅಡಿ ಹೊರಚಾಚಿದ ಸಜ್ಜಾ ಇದ್ದರೆ ನೆರಳು 2 × ಟ್ಯಾನ್ 52, ಅಂದರೆ ಎರಡೂವರೆ ಅಡಿ ಕೆಳಗಿನವರೆಗೆ ಬೀಳುತ್ತದೆ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಈ ಗೋಡೆಗೆ ಕಾಟವಿಲ್ಲ.

ತಲೆನೋವು ಪಶ್ಚಿಮದ್ದು. ಅದೇ ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು 30 ಡಿಗ್ರಿಗೆ ಇಳಿದು ಕಿಟಕಿಗೆ ಎದುರಾಗಿರುತ್ತಾನೆ. ಅದೇ 2 ಅಡಿ ಸಜ್ಜಾ ಈಗ ಕೊಡುವ ನೆರಳು ಒಂದಡಿಗಿಂತ ಸ್ವಲ್ಪ ಜಾಸ್ತಿ. 4 ಅಡಿ ಕಿಟಕಿಯಾದರೆ ಮುಕ್ಕಾಲು ಪಾಲು ಬಿಸಿಲಿಗೇ. ಆದರೂ ಎಷ್ಟೋ ನಕ್ಷೆಗಳಲ್ಲಿ ನಾಲ್ಕೂ ಕಡೆ ಒಂದೇ ಅಳತೆಯ ಸಜ್ಜಾ ಎಳೆದಿರುತ್ತಾರೆ, ನೋಡಿದರೆ ಬೇಜಾರಾಗುತ್ತದೆ. ನಮ್ಮ ಚಿಕ್ಕಪ್ಪನ ಫ್ಲ್ಯಾಟಿನಲ್ಲಿ ರಾತ್ರಿ ಒಂಬತ್ತಕ್ಕೂ ಮಲಗುವ ಕೋಣೆಯ ಗೋಡೆ ಮುಟ್ಟಿದರೆ ಬಿಸಿ. ಹಗಲು ಹೀರಿದ ಶಾಖವನ್ನು ಗೋಡೆ ಕೆಲವು ತಾಸು ತಡವಾಗಿ ಒಳಗೆ ಬಿಡುತ್ತದೆ, ಸರಿಯಾಗಿ ಮಲಗುವ ಹೊತ್ತಿಗೆ. ಆದ್ದರಿಂದ ಮೆಟ್ಟಿಲು, ಲಿಫ್ಟ್, ಬಚ್ಚಲನ್ನು ಆ ಕಡೆಗೆ ತಳ್ಳಿ.

ಹಾಗಂತ ಪಶ್ಚಿಮವನ್ನು ಪೂರ್ತಿ ಮುಚ್ಚುವಂತಿಲ್ಲ. ಮಳೆಗಾಲದ ಗಾಳಿ ಬರುವುದು ಆ ಕಡೆಯಿಂದಲೇ ಅಲ್ವಾ? ಅಲ್ಲಿ ಗಾಳಿಯಾಡುವ ತೂತುಗಳಿರುವ ಜಾಲಿ ಗೋಡೆ ಬೇಕು, ಇಲ್ಲವೇ ಕಿಟಕಿಯ ಹೊರಗೆ ಮರೆ ಬೇಕು. ಒಳಗಿನ ಪರದೆ ಸಾಲದು, ಗಾಜು ದಾಟಿದ ಶಾಖ ಆಗಲೇ ಮನೆಯೊಳಗಿರುತ್ತದೆ. ಬಂದ ಗಾಳಿಗೆ ಹೊರಹೋಗುವ ದಾರಿಯೂ ಇರಬೇಕು. ನಡುವೆ ಉದ್ದದ ಕಾರಿಡಾರ್ ಹಾಕಿ ಎರಡೂ ಬದಿಗೆ ಫ್ಲ್ಯಾಟ್ ಜೋಡಿಸಿದರೆ, ಮಧ್ಯದ ಮನೆಗಳಿಗೆ ಒಂದೇ ಕಡೆ ಕಿಟಕಿ. ಮಹಡಿಗೆ ನಾಲ್ಕೇ ಮನೆ, ಒಂದೊಂದು ಮೂಲೆಗೆ ಒಂದು ಇಟ್ಟರೆ ಎಲ್ಲರಿಗೂ ಎರಡು ಕಡೆ ಗಾಳಿ.

ಇನ್ನು ತಾರಸಿ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಕೇಂದ್ರ ಸರ್ಕಾರದ ಇಂಧನ ಉಳಿತಾಯ ನಿಯಮಾವಳಿ ಇಕೋ ನಿವಾಸ್ ಸಂಹಿತೆಯಲ್ಲಿ ತಾರಸಿಯ ಯು-ಮೌಲ್ಯದ, ಅಂದರೆ ಶಾಖ ಎಷ್ಟು ಸುಲಭವಾಗಿ ಒಳಗೆ ದಾಟುತ್ತದೆ ಎಂಬ ಅಳತೆಯ, ಮಿತಿ 1.2. ಬರೀ ಆರ್‌ಸಿಸಿಗೆ ಅದು 3ನ್ನೂ ದಾಟುತ್ತದೆ, ಹಾಗಾಗಿ ಮೇಲೆ ಶಾಖ ತಡೆಯುವ ಪದರ ಬೇಕೇ ಬೇಕು. ಅದರ ಮೇಲೆ ಬಿಳಿ ಟೈಲ್ಸ್ ಚೂರು ಹಾಕಿಸಿದರೆ ಬಿಸಿಲು ವಾಪಸ್ ಹೋಗುತ್ತದೆ. ಸೋಲಾರ್ ಪ್ಯಾನೆಲ್‌ಗಳೂ ಸ್ಲ್ಯಾಬಿಗೆ ನೆರಳು ಕೊಡುತ್ತವೆ. ಅವು ದಕ್ಷಿಣಕ್ಕೆ ಮುಖ ಮಾಡಿರಲಿ, ಓರೆ 14-15 ಡಿಗ್ರಿ ಇರಲಿ. ಮೊದಲು ಬರೆದಿಟ್ಟುಕೊಂಡ ಅಕ್ಷಾಂಶದಷ್ಟೇ.