ಬುಲೆಟ್‌ಗೆ ಐದನೇ ಗೇರ್: ಹಾಕಿಸೋದಾ, ಬೇಡವಾ?

ಹಳೇ ಬುಲೆಟ್ ತಂದು ನಿಲ್ಲಿಸಿ "ಇದಕ್ಕೆ ಐದು ಗೇರ್ ಹಾಕಿಕೊಡಿ ಅಣ್ಣ" ಅನ್ನುವವರು ನಮ್ಮ ಗ್ಯಾರೇಜಿಗೆ ಆಗಾಗ ಬರುತ್ತಾರೆ. ಯಾಕೆ ಅಂದರೆ ಹೆಚ್ಚುಕಮ್ಮಿ ಒಂದೇ ಉತ್ತರ. "ಟಾಪ್‌ನಲ್ಲಿ ಎಂಜಿನ್ ಒದ್ದಾಡುತ್ತೆ. ಇನ್ನೊಂದು ಗೇರ್ ಇದ್ದಿದ್ರೆ ಆರಾಮಾಗಿ ಓಡ್ತಿತ್ತು, ಮೈಲೇಜೂ ಬರ್ತಿತ್ತು."

ಕಳೆದ ತಿಂಗಳು ಬಸವನಗುಡಿಯ ಹುಡುಗನೊಬ್ಬ ಬಂದಿದ್ದ. ಅವರ ತಂದೆಯ ಗಾಡಿ, ಬಲಗಡೆ ಗೇರ್ ಇರುವ ನಾಲ್ಕು ಗೇರಿನ 350. ಸೆಕೆಂಡ್ ಹ್ಯಾಂಡ್ ಐದು ಗೇರಿನ ಬಾಕ್ಸ್‌ಗೆ ಆಗಲೇ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದ. ಅವನನ್ನು ಕೂರಿಸಿಕೊಂಡು, ಹಳೇ ಬಿಲ್ಲಿನ ಹಿಂದೆ ಎರಡು ಸಾಲು ಅಂಕಿ ಬರೆದುಕೊಟ್ಟೆ.

ಹಳೇ ಆಲ್ಬಿಯನ್ ಬಾಕ್ಸ್ (ಅವನ ಗಾಡಿಯಲ್ಲಿರುವ ನಾಲ್ಕು ಗೇರಿನದು): 2.78, 1.84, 1.36, 1. ಐದು ಗೇರಿನದು: 3.06, 2.01, 1.52, 1.21, 1. ಕ್ಲಚ್ ಕಡೆಯ ಶಾಫ್ಟ್ ಎಷ್ಟು ಸುತ್ತು ತಿರುಗಿದರೆ ಚೈನ್ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) ಒಂದು ಸುತ್ತು ತಿರುಗುತ್ತದೆ ಅನ್ನೋದಕ್ಕೆ ಈ ಲೆಕ್ಕ.

ಎರಡೂ ಸಾಲಿನ ಕೊನೆ ನೋಡಿ. ಅಲ್ಲೂ ಒಂದು, ಇಲ್ಲೂ ಒಂದು. ಅಂದರೆ ಹೊಸ ಬಾಕ್ಸಿನ ಐದನೇ ಗೇರ್ ಮತ್ತು ಹಳೇ ಬಾಕ್ಸಿನ ನಾಲ್ಕನೇ ಗೇರ್ ಎರಡೂ ಒಂದೇ! ಬೇರೆ ಸ್ಪ್ರಾಕೆಟ್ ಹಾಕದಿದ್ದರೆ, ಟಾಪ್‌ನಲ್ಲಿ 80ಕ್ಕೆ ಎಂಜಿನ್ ಮೊದಲು ಎಷ್ಟು ತಿರುಗುತ್ತಿತ್ತೋ ಈಗಲೂ ಅಷ್ಟೇ ತಿರುಗುತ್ತದೆ. ಸ್ಪೀಡೂ ಜಾಸ್ತಿ ಆಗಲ್ಲ, ಹೈವೇ ಮೈಲೇಜೂ ಏರಲ್ಲ.

ಹೀಗಾಗೋದಕ್ಕೆ ಕಾರಣ ಇದೆ. ಈ ಬುಲೆಟ್‌ಗಳಲ್ಲಿ ಕ್ಲಚ್ಚೂ ಚೈನ್ ಸ್ಪ್ರಾಕೆಟ್ಟೂ ಒಂದೇ ನೇರದಲ್ಲಿ ಕೂತಿರುತ್ತವೆ. ಟಾಪ್ ಗೇರಿಗೆ ಹಾಕಿದಾಗ ಎರಡೂ ಒಂದಕ್ಕೊಂದು ಲಾಕ್ ಆಗಿ ಒಟ್ಟಿಗೆ ಸುತ್ತುತ್ತವೆ. ಆಗ ಎಂಜಿನ್ ಬಲ ಹಲ್ಲಿನಿಂದ ಹಲ್ಲಿಗೆ ದಾಟೋದೇ ಇಲ್ಲ. ಸವೆತ ಕಮ್ಮಿ, ಸದ್ದೂ ಕಮ್ಮಿ. ಇಂಥ ಟಾಪ್ ಗೇರನ್ನು ಐದು ಗೇರಿನ ಬಾಕ್ಸ್ ಮಾಡಿದವರೂ ಬಿಟ್ಟುಕೊಡಲಿಲ್ಲ. ಹೊಸ ಗೇರನ್ನು ತುದಿಗೆ ಸೇರಿಸುವ ಬದಲು, ಇದ್ದ ಏಣಿಗೇ ಒಂದು ಮೆಟ್ಟಿಲು ಜಾಸ್ತಿ ಮಾಡಿದರು.

ಹಾಗಾದರೆ ಸಿಗೋದೇನು? ಎರಡು ವಿಷಯ. ಫಸ್ಟ್ ಗೇರ್ 2.78ರಿಂದ 3.06ಕ್ಕೆ ಹೋಗುತ್ತದೆ, ಅಂದರೆ ಸುಮಾರು ನೂರಕ್ಕೆ ಹತ್ತರಷ್ಟು ಎಳೆತ ಜಾಸ್ತಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಫ್ಲೈಓವರ್ ಏರಿನಲ್ಲಿ ನಿಂತು ಹೊರಡುವವರಿಗೆ ಇದು ಗೊತ್ತಾಗುತ್ತದೆ. ಇನ್ನೊಂದು, ಟಾಪ್‌ಗೆ ಬೀಳುವಾಗಿನ ಗುಂಡಿ ಸಣ್ಣದಾಗುತ್ತದೆ. ಹಳೇ ಬಾಕ್ಸಿನಲ್ಲಿ 4,000 ಆರ್‌ಪಿಎಂವರೆಗೆ ಥರ್ಡ್ ಎಳೆದು ಟಾಪ್‌ಗೆ ಹಾಕಿದರೆ ಎಂಜಿನ್ 2,940ರ ಹತ್ತಿರಕ್ಕೆ ಬೀಳುತ್ತದೆ. ಐದು ಗೇರಿನದರಲ್ಲಿ ನಾಲ್ಕರಿಂದ ಐದಕ್ಕೆ ಹಾಕಿದರೆ 3,300ಕ್ಕೆ ನಿಲ್ಲುತ್ತದೆ. ನಂದಿ ಬೆಟ್ಟ ಹತ್ತುವಾಗ ಥರ್ಡ್‌ನಲ್ಲಿ ಕಿರುಚುತ್ತೆ, ಟಾಪ್‌ಗೆ ಹಾಕಿದರೆ ಸುಸ್ತಾಗುತ್ತೆ ಅನ್ನೋರ ನಿಜವಾದ ತೊಂದರೆ ಈ ಗುಂಡಿ. ಅವರಿಗೆ ನಾನು ಬೇಡ ಅನ್ನಲ್ಲ.

ಬಸವನಗುಡಿ ಹುಡುಗನ ದೂರು ಇದಲ್ಲ. ಸಮತಟ್ಟು ರಸ್ತೆಯಲ್ಲಿ 80 ದಾಟಿದರೆ ಕೈ ಜುಮ್ ಅನ್ನುತ್ತೆ ಅನ್ನೋದು ಅವನದು. ಅದಕ್ಕೆ ಮದ್ದು ಚೈನ್ ಸ್ಪ್ರಾಕೆಟ್‌ನಲ್ಲಿದೆ. ಗೇರ್‌ಬಾಕ್ಸಿನ ಸ್ಪ್ರಾಕೆಟ್‌ನಲ್ಲಿ 16 ಹಲ್ಲಿದ್ದರೆ 17ರದ್ದು ಹಾಕಬೇಕು. 3,400 ತಿರುಗುತ್ತಿದ್ದ ಎಂಜಿನ್ ಅದೇ ಸ್ಪೀಡಿಗೆ 3,200ಕ್ಕೆ ಇಳಿಯುತ್ತದೆ. ಖರ್ಚೂ ಗೇರ್‌ಬಾಕ್ಸಿನ ಹತ್ತಿರಕ್ಕೂ ಬರಲ್ಲ. ಪಿಕಪ್ ಸ್ವಲ್ಪ ಇಳಿಯುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಬ್ಬಾಳದ ಫ್ಲೈಓವರನ್ನು ಟಾಪ್‌ನಲ್ಲೇ ಗೊಣಗದೆ ಹತ್ತುವ ಗಾಡಿಯಾದರೆ ಒಂದು ಹಲ್ಲಿನ ಭಾರ ತಡೆಯುತ್ತದೆ. ಈಗಲೇ ಏದುಸಿರು ಬಿಡುತ್ತಿದ್ದರೆ ಮೊದಲು ಎಂಜಿನ್ ನೋಡಿಸಿ.

ಇನ್ನೊಂದು ಮಾತು. ಬೆಂಗಳೂರಿನವರು ಇಂಥ ಆರಾಮದ ಟಾಪ್ ಗೇರನ್ನು ಓಡಿಸೋದಾದರೂ ಎಲ್ಲಿ? ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳನ್ನು ಬಿಡುತ್ತಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಊರೊಳಗಂತೂ ಸಿಲ್ಕ್ ಬೋರ್ಡ್ ಹತ್ತಿರ ಫಸ್ಟ್, ಸೆಕೆಂಡ್, ನ್ಯೂಟ್ರಲ್, ಮತ್ತೆ ಫಸ್ಟ್. ಆಲ್ಬಿಯನ್ ಬಾಕ್ಸಿನಲ್ಲಿ ಹಿಮ್ಮಡಿಯಿಂದ ಒತ್ತುವ ನ್ಯೂಟ್ರಲ್ ಲಿವರ್ ಇರುತ್ತದಲ್ಲ, ಟಾಪ್‌ನಲ್ಲಿದ್ದರೂ ಒಂದೇ ಒತ್ತಿಗೆ ನ್ಯೂಟ್ರಲ್. ಸಿಗ್ನಲ್‌ಗೆ ಅದಕ್ಕಿಂತ ಸುಖ ಬೇರೆ ಇಲ್ಲ. ಬಾಕ್ಸ್ ಬದಲಾಯಿಸಿದರೆ ಅದೂ ಹೋಯಿತು.

"ಗೇರ್ ಜಾರುತ್ತೆ, ಮಧ್ಯದಲ್ಲಿ ಫಾಲ್ಸ್ ನ್ಯೂಟ್ರಲ್ ಬೀಳುತ್ತೆ, ಅದಕ್ಕೇ ಬದಲಾಯಿಸ್ತೀನಿ" ಅನ್ನುವವರೂ ಇದ್ದಾರೆ. ಫಾಲ್ಸ್ ನ್ಯೂಟ್ರಲ್ ಅಂದರೆ ಎರಡು ಗೇರಿನ ನಡುವೆ ಯಾವುದಕ್ಕೂ ಬೀಳದೆ ಖಾಲಿ ಸುತ್ತೋದು. ಸ್ವಲ್ಪ ತಡೆಯಿರಿ. ಬಲಗಡೆಯ ಕವರ್ ಒಳಗೆ ಒಂದು ಪ್ಲೇಟ್ ಇದೆ, ಎರಡು ನಟ್ ಸಡಿಲಿಸಿದರೆ ಆಚೀಚೆ ಸರಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ಅದನ್ನು ಸರಿಯಾಗಿ ಕೂರಿಸಿದರೆ ಜಾರೋದು ನಿಂತುಹೋಗುತ್ತದೆ. ಹಲ್ಲು ಸವೆದಿದ್ದರೆ ಮಾತು ಬೇರೆ.

ಎಲ್ಲ ಯೋಚಿಸಿಯೂ ಐದೇ ಬೇಕು ಅಂದರೆ, ಬಿಲ್ ಬಾಕ್ಸಿಗೇ ಮುಗಿಯಲ್ಲ ಅನ್ನೋದು ಗೊತ್ತಿರಲಿ. ಸಾಮಾನ್ಯವಾಗಿ ಸಿಗುವ ಐದು ಗೇರಿನ ಬಾಕ್ಸಿನಲ್ಲಿ ಗೇರ್ ಲಿವರ್ ಎಡಕ್ಕೆ. ಹಾಗಾಗಿ ಬ್ರೇಕ್ ಪೆಡಲ್ ಬಲಕ್ಕೆ ಹೋಗಬೇಕು. ಹಿಂದಿನ ಡ್ರಮ್ ಮಾತ್ರ ಎಡದಲ್ಲೇ ಉಳಿಯುತ್ತದೆ. ನಡುವೆ ಅಡ್ಡ ಶಾಫ್ಟ್ ಹಾಕಬೇಕು. ಎಡಗಡೆ ಕವರ್, ಕ್ಲಚ್ಚಿನ ಕೆಲವು ಭಾಗ, ಫುಟ್‌ರೆಸ್ಟ್, ಎಲ್ಲ ಸಾಲಾಗಿ ಬರುತ್ತವೆ. ಜೆ.ಸಿ. ರಸ್ತೆಗೆ ಮೂರು ಸಲ ಹೋಗಿಬರೋದು ಗ್ಯಾರಂಟಿ.

ಕಾಲಿನ ಅಭ್ಯಾಸ ಇನ್ನೂ ದೊಡ್ಡ ವಿಷಯ. ನಾನು ಹೊಸದಾಗಿ ಗ್ಯಾರೇಜ್ ಹಾಕಿದಾಗ ಒಬ್ಬ ಹಿರಿಯರಿಗೆ ಈ ಕೆಲಸ ಮಾಡಿಕೊಟ್ಟೆ. ಇಪ್ಪತ್ತು ವರ್ಷ ಎಡಗಾಲಲ್ಲಿ ಬ್ರೇಕ್ ಒತ್ತಿದವರು. ಮೂರನೇ ದಿನ ಲಾಲ್‌ಬಾಗ್ ಹತ್ತಿರ ಆಟೋ ಅಡ್ಡ ಬಂದಾಗ ಎಡಗಾಲೇ ಮುಂದಾಯಿತು. ಬ್ರೇಕ್ ಬದಲು ಗೇರ್ ಬಿತ್ತು. ಮೊಣಕಾಲು ತರಚಿತು ಅಷ್ಟೇ, ಪುಣ್ಯ. ತಪ್ಪು ನನ್ನದು. ಗಾಡಿ ಕೊಡುವಾಗ ಖಾಲಿ ರಸ್ತೆಯಲ್ಲಿ ಒಂದು ವಾರ ಓಡಿಸಿ ಅಂತ ಹೇಳಬೇಕಿತ್ತು. ಈಗ ಹೇಳುತ್ತೇನೆ. ನಾನೂ ಹಿಂದೆ ಕೂತು ಒಂದು ರೌಂಡ್ ಹೋಗಿಬರುತ್ತೇನೆ.

ಆರ್‌ಎಕ್ಸ್ 100 ಇರುವವರೂ ಇದನ್ನೇ ಕೇಳುತ್ತಾರೆ. ಅವರಿಗೆ ನನ್ನ ಉತ್ತರ ಬೇರೆ. ಟೂ ಸ್ಟ್ರೋಕ್ ಎಂಜಿನ್ ಆರ್‌ಪಿಎಂನ ಒಂದು ಸಣ್ಣ ಹದದಲ್ಲಿ ಮಾತ್ರ ಚೆನ್ನಾಗಿ ಎಳೆಯುತ್ತದೆ. ಅದನ್ನು ಆ ಹದದಲ್ಲೇ ಇಡಲು ಮೆಟ್ಟಿಲು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಆರ್‌ಎಕ್ಸ್ 135ರ ಒಂದು ಮಾಡೆಲ್‌ಗೆ ಕಂಪನಿಯೇ ಐದು ಗೇರ್ ಕೊಟ್ಟಿತ್ತು. ಆದರೆ ಹಳೇ ಬುಲೆಟ್‌ನಲ್ಲಿ ಗೇರ್‌ಬಾಕ್ಸ್ ಬೇರೆಯೇ ಡಬ್ಬಿ, ಎಂಜಿನ್ ಬಿಚ್ಚದೆ ಇಳಿಸಬಹುದು. ಆರ್‌ಎಕ್ಸ್‌ನಲ್ಲಿ ಹಾಗಲ್ಲ, ಎಂಜಿನ್ ಕೇಸನ್ನೇ ಎರಡು ಹೋಳು ಮಾಡಬೇಕು. ಎಂಜಿನ್ ನಂಬರ್ ಇರುವುದೂ ಆ ಕೇಸಿನ ಮೇಲೆ. ಯಾರಾದರೂ ಬೇರೆ ಕೇಸ್ ಸಮೇತ ಹಾಕಿಕೊಟ್ಟರೆ ಆರ್‌ಸಿಗೂ ಗಾಡಿಗೂ ತಾಳೆ ಆಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರೋದು ಇಂಥದ್ದಕ್ಕೇ. ಆರ್‌ಟಿಒದಲ್ಲಿ ಕೇಳಿಕೊಳ್ಳದೆ ಅದಕ್ಕೆ ಕೈ ಹಾಕಬೇಡಿ.

ಬಸವನಗುಡಿ ಹುಡುಗ ಅಡ್ವಾನ್ಸ್ ವಾಪಸ್ ತಗೊಂಡ. 17 ಹಲ್ಲಿನ ಸ್ಪ್ರಾಕೆಟ್ ಹಾಕಿ, ಪ್ಲೇಟ್ ಸರಿ ಮಾಡಿ ಕೊಟ್ಟಿದ್ದೇನೆ. ಮದುವೆಯಾದ ಮೇಲೆ ನಂದಿ ಬೆಟ್ಟಕ್ಕೆ ಇಬ್ಬರೂ ಹೋಗಿಬಂದು ಮತ್ತೆ ಮಾತಾಡೋಣ ಅಂದಿದ್ದಾನೆ. ಆಗ ಹಾಕಿಸಿದರೂ ಹಳೇ ಬಾಕ್ಸನ್ನು ಗುಜರಿಗೆ ಹಾಕಬೇಡ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗಿಡು ಅಂತ ಹೇಳಿ ಕಳಿಸಿದೆ.