ಹಾಡು ಸಿಗುತ್ತದೆ, ಹಿನ್ನೆಲೆ ಸಂಗೀತ ಏಕೆ ಸಿಗುವುದಿಲ್ಲ?

ಪ್ರಶ್ನೆ: ಹಳೆಯ ಕನ್ನಡ ಚಿತ್ರಗಳ ಹಾಡುಗಳು ಹುಡುಕಿದರೆ ಸಿಗುತ್ತವೆ. ಆದರೆ ಅದೇ ಚಿತ್ರಗಳಲ್ಲಿ ಮಾತಿನ ಹಿಂದೆ, ಮೌನದ ನಡುವೆ ಕೇಳಿಬರುವ ಸಂಗೀತ ಮಾತ್ರ ಬೇರೆಯಾಗಿ ಎಲ್ಲಿಯೂ ಸಿಗುವುದಿಲ್ಲ. ಅದನ್ನು ಯಾರೂ ಎತ್ತಿಡಲಿಲ್ಲವೇ? ನಮ್ಮ ಮನೆಯಲ್ಲಿ ತಂದೆಯವರ ಕಾಲದ ಒಂದು ಪೆಟ್ಟಿಗೆ ಕ್ಯಾಸೆಟ್‌ಗಳಿವೆ. ಅವುಗಳಲ್ಲಿಯೂ ಹಾಡು ಮತ್ತು ಸಂಭಾಷಣೆಗಳಷ್ಟೇ ಇವೆ.
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ತುಮಕೂರಿನ ಎಸ್.ಎಸ್. ಪುರಂನ ಮನೆಯೊಂದರಲ್ಲಿ ಭಾನುವಾರ ಸಂಜೆ ನಾವು ಕೆಲವರು ಸೇರಿ ಚಿತ್ರಸಂಗೀತ ಕೇಳುವ ರೂಢಿಯಿದೆ. ಅಲ್ಲಿಗೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು ಇದೇ ಪ್ರಶ್ನೆಯನ್ನು. ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಸಂಗೀತವನ್ನು ಬೇರೆಯಾಗಿ ಕೇಳಲೆಂದು ಯಾರೂ ಸಿದ್ಧಪಡಿಸಿರಲಿಲ್ಲ. ಅದು ಚಿತ್ರದ ಮಾತು ಮತ್ತು ಸದ್ದುಗಳೊಡನೆ ಒಂದೇ ಧ್ವನಿಪಟ್ಟಿಯಲ್ಲಿ ಬೆರೆಯಲೆಂದೇ ಹುಟ್ಟಿತು, ಬೆರೆತ ರೂಪದಲ್ಲಿಯೇ ನಮ್ಮ ಕೈಗೆ ಬಂದಿದೆ. ಹಾಲಿಗೆ ಬಿದ್ದ ಸಕ್ಕರೆಯನ್ನು ಮರಳಿ ಹೆಕ್ಕಲು ಹೊರಟಂತೆ ನಮ್ಮ ಹುಡುಕಾಟ.

ದಕ್ಷಿಣ ಭಾರತದ ಚಿತ್ರರಂಗದಲ್ಲಿ ಹಿನ್ನೆಲೆ ಸಂಗೀತದ ಕೆಲಸಕ್ಕೆ ಬಳಕೆಯಲ್ಲಿರುವ ಹೆಸರೇ ಇದನ್ನು ಹೇಳುತ್ತದೆ. ಹೊರಗಿನವರು ಅದನ್ನು ಬಿಜಿಎಂ ಎನ್ನುತ್ತಾರೆ. ಒಳಗಿನವರು ರೀರೆಕಾರ್ಡಿಂಗ್, ಅಂದರೆ ಮತ್ತೆ ಮುದ್ರಿಸುವುದು ಎನ್ನುತ್ತಾರೆ. ಹಾಡುಗಳು ಚಿತ್ರೀಕರಣಕ್ಕೆ ಮುನ್ನವೇ ಧ್ವನಿಮುದ್ರಣಗೊಂಡಿರುತ್ತವೆ. ಏಕೆಂದರೆ ನಟರು ಅವುಗಳಿಗೆ ತುಟಿ ಆಡಿಸಬೇಕು. ಹಿನ್ನೆಲೆ ಸಂಗೀತದ ಸರದಿ ಬರುವುದು ಸಂಕಲನ ಮುಗಿದು, ಮಾತುಗಳ ಡಬ್ಬಿಂಗ್ ಮುಗಿದ ಮೇಲೆ. 35 ಮಿಲಿಮೀಟರ್ ಫಿಲಂ ಸೆಕೆಂಡಿಗೆ 24 ಚೌಕಟ್ಟುಗಳಂತೆ, ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. 1000 ಅಡಿಯ ಒಂದು ರೀಲು ಹನ್ನೊಂದು ನಿಮಿಷದಷ್ಟು, ಎರಡೂವರೆ ಗಂಟೆಯ ಚಿತ್ರವೆಂದರೆ ಹದಿನಾಲ್ಕು ರೀಲಿನಷ್ಟು ಆಯಿತು. ಪರದೆಯ ಮೇಲೆ ಒಂದೊಂದೇ ರೀಲನ್ನು ಓಡಿಸಿ, ಎಲ್ಲಿ ಸಂಗೀತ ಬೇಕು, ಎಲ್ಲಿ ಬೇಡ, ಬಾಗಿಲು ತೆರೆಯುವ ಮುನ್ನ ಬರಬೇಕೋ ತೆರೆದ ಮೇಲೆ ಬರಬೇಕೋ ಎಂದು ಗುರುತು ಹಾಕಿಕೊಂಡು, ಸ್ವರ ಬರೆದು, ವಾದ್ಯಗಾರರನ್ನು ಕೂರಿಸಿ, ಓಡುವ ಚಿತ್ರಕ್ಕೆ ಹೊಂದಿಸಿ ನುಡಿಸುತ್ತಿದ್ದರು. ದೃಶ್ಯ 47 ಸೆಕೆಂಡ್ ಇದ್ದರೆ ಸಂಗೀತವೂ ಅಷ್ಟೇ. ನಿಮಿಷಕ್ಕೆ 120 ತಾಳದ ಗತಿಯೆಂದರೆ ಹನ್ನೆರಡು ಚೌಕಟ್ಟಿಗೆ ಒಂದು ಪೆಟ್ಟು. ಈ ಲೆಕ್ಕ ತಪ್ಪಿದರೆ, ನಾಯಕಿ ತಿರುಗಿ ನೋಡುವ ಹೊತ್ತಿಗೆ ಏಳಬೇಕಿದ್ದ ಪಿಟೀಲು ಆಕೆ ಹೊರಟುಹೋದ ಮೇಲೆ ಏಳುತ್ತಿತ್ತು.

ಹೀಗೆ ನುಡಿಸಿದ್ದನ್ನು ಕೊನೆಗೆ ಮಾತು, ಹೆಜ್ಜೆಸದ್ದು, ಮಳೆ, ಗಾಡಿಯ ಸದ್ದು ಇವೆಲ್ಲದರ ಜೊತೆ ಬೆರೆಸಿ ಒಂದೇ ಧ್ವನಿಪಟ್ಟಿ ಮಾಡುತ್ತಿದ್ದರು. ಆ ಪಟ್ಟಿ ಫಿಲಂನ ಅಂಚಿನಲ್ಲಿ ಚಿತ್ರದ ಪಕ್ಕದಲ್ಲಿಯೇ ಅಚ್ಚಾಗುತ್ತಿತ್ತು. ಬೆರೆಸುವುದಕ್ಕೆ ಮುನ್ನ ಸಂಗೀತ ಇದ್ದದ್ದು ಕಾಂತೀಯ ಫಿಲಂನ ಮೇಲೆ. ಅದು ದುಬಾರಿ ಸಾಮಾನು, ಅಳಿಸಿ ಮತ್ತೆ ಬಳಸಲು ಬರುವಂಥದ್ದು. ಚಿತ್ರ ಬಿಡುಗಡೆಯಾದ ಮೇಲೆ ಅದನ್ನು ಎತ್ತಿಡಬೇಕಾದ ಕಾರಣ ನಿರ್ಮಾಪಕರಿಗೆ ಕಾಣುತ್ತಿರಲಿಲ್ಲ. ಇದರಲ್ಲಿ ಯಾರ ದುರುದ್ದೇಶವನ್ನೂ ನಾನು ಕಾಣೆ. ಆದರೆ ಪುಟ್ಟಣ್ಣ ಕಣಗಾಲರ ‘ಬೆಳ್ಳಿ ಮೋಡ’ (1967), ‘ನಾಗರಹಾವು’ (1972) ಚಿತ್ರಗಳಿಗೆ ವಿಜಯಭಾಸ್ಕರ್ ನೀಡಿದ ಹಿನ್ನೆಲೆ ಸಂಗೀತವನ್ನು ಮಾತುಗಳಿಲ್ಲದೆ ಒಮ್ಮೆಯಾದರೂ ಕೇಳುವಂತಿದ್ದರೆ ಎಂದು ಹಂಬಲಿಸಿದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ.

ಈ ರೂಢಿ ಸಿನಿಮಾದಿಂದ ಶುರುವಾದದ್ದಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನಾದ್ಯಂತ ಹೆಸರಾದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನೆನೆಯಿರಿ. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮಾಸ್ತರರ ಕೆಲಸ ಹಾಡಿಗೆ ಶ್ರುತಿ ಕೊಡುವುದಷ್ಟೇ ಆಗಿರಲಿಲ್ಲ. ಪಾತ್ರ ಪ್ರವೇಶಿಸುವಾಗ, ಮಾತು ಏರುವಾಗ, ದೃಶ್ಯ ಬದಲಾಗುವಾಗ ರಂಗದ ಮೇಲೆ ಕಣ್ಣಿಟ್ಟು ಅವರು ನುಡಿಸುತ್ತಿದ್ದುದು ಹಿನ್ನೆಲೆ ಸಂಗೀತವೇ. ಗ್ರಾಮಫೋನ್ ಕಂಪನಿಗಳು ರಂಗಗೀತೆಗಳನ್ನು ಮುದ್ರಿಸಿ ಮಾರಿದವು. ಮಾತಿನ ನಡುವಿನ ಆ ನುಡಿಸಾಣಿಕೆ ಮಾತ್ರ ಅಂದಂದಿನ ರಾತ್ರಿಗೇ ಮುಗಿದುಹೋಯಿತು. ಹಾಡು ಮಾರಾಟದ ಸರಕು, ಉಳಿದ ಸಂಗೀತ ಪ್ರದರ್ಶನದ ಅಂಗ ಎಂಬ ಈ ಭೇದವನ್ನು ಚಿತ್ರರಂಗವು ಹಾಗೆಯೇ ಮುಂದುವರಿಸಿತು. ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರು ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಅವರೇ ನಿರ್ದೇಶಿಸಿದ ‘ಚೋಮನ ದುಡಿ’ಯಲ್ಲಿ (1975) ದುಡಿಯ ಪೆಟ್ಟು ಒಬ್ಬ ಮನುಷ್ಯನ ಉಸಿರಾಟದಂತೆ ಚಿತ್ರದುದ್ದಕ್ಕೂ ಇದೆ. ಅದನ್ನು ಚಿತ್ರದಿಂದ ಹೊರಗೆ ತೆಗೆದು ಧ್ವನಿತಟ್ಟೆಗೆ ಹಾಕಿದ್ದರೆ ಯಾವುದು ಸಂಗೀತ, ಯಾವುದು ಕಥೆ ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತಿತ್ತು.

ಮಾರಾಟದ ಮಾತು ಬಂದದ್ದರಿಂದ ಇನ್ನೆರಡು ಕಾರಣಗಳನ್ನು ಹೇಳಬೇಕು. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷದ ಆಸುಪಾಸಿನ ಸಂಗೀತ; ಅದರ ನಂತರ ಬಂದ ಏಳು ಅಂಗುಲದ ಇಪಿ ತಟ್ಟೆಯಲ್ಲಿ ಸಾಮಾನ್ಯವಾಗಿ ನಾಲ್ಕು ಹಾಡು. ಇಷ್ಟು ಕಡಿಮೆ ಜಾಗದಲ್ಲಿ ಹಾಡನ್ನು ಬಿಟ್ಟು ಹಿನ್ನೆಲೆ ಸಂಗೀತವನ್ನು ತುಂಬಲು ಯಾವ ವ್ಯಾಪಾರಿಯೂ ಮುಂದಾಗುತ್ತಿರಲಿಲ್ಲ. ಕ್ಯಾಸೆಟ್ ಬಂದಮೇಲೆ ಜಾಗವೇನೋ ಸಿಕ್ಕಿತು, ಆದರೆ ಕಾಲ ಹೊಂದಲಿಲ್ಲ. ಹಾಡುಗಳು ಚಿತ್ರದ ಪ್ರಚಾರಕ್ಕಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಮುಂಚೆ ಅಂಗಡಿಗೆ ಬರುತ್ತಿದ್ದವು. ರೀರೆಕಾರ್ಡಿಂಗ್ ಮುಗಿಯುತ್ತಿದ್ದುದು ಬಿಡುಗಡೆಯ ಹೊಸ್ತಿಲಲ್ಲಿ. ಆಡಿಯೊ ಕಂಪನಿಯೊಡನೆ ಒಪ್ಪಂದಕ್ಕೆ ಸಹಿ ಬೀಳುವಾಗ ಆ ಸಂಗೀತ ಇನ್ನೂ ಹುಟ್ಟಿಯೇ ಇರುತ್ತಿರಲಿಲ್ಲ.

ಅದಲ್ಲದೆ, ಬಿಡಿಸಿ ನೋಡಿದರೆ ಹಿನ್ನೆಲೆ ಸಂಗೀತ ಬಹುಪಾಲು ತುಂಡು ತುಂಡಾಗಿರುತ್ತದೆ. ಇಲ್ಲಿ ಏಳು ಸೆಕೆಂಡಿನ ಒಂದು ಕೊಳಲು, ಅಲ್ಲಿ ಇಪ್ಪತ್ತು ಸೆಕೆಂಡಿನ ಪಿಟೀಲುಗಳ ಗುಂಪು, ಮುಂದೆ ಒಂದೇ ಒಂದು ಮೃದಂಗದ ಪೆಟ್ಟು. ಪಾಶ್ಚಾತ್ಯ ದೇಶಗಳಲ್ಲಿ ಇಂಥ ತುಣುಕುಗಳನ್ನು ಜೋಡಿಸಿ, ಕೆಲವೊಮ್ಮೆ ಹೊಸದಾಗಿ ನುಡಿಸಿ, ಕೇಳಲು ಯೋಗ್ಯವಾದ ಆಲ್ಬಂ ಮಾಡುವ ಪದ್ಧತಿ ಬೆಳೆಯಿತು. ಆಲ್‌ಫ್ರೆಡ್ ಹಿಚ್‌ಕಾಕರ ‘ಸೈಕೋ’ಗೆ (1960) ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳಿಂದಷ್ಟೇ ಕಟ್ಟಿದ ಸಂಗೀತವನ್ನು ಚಿತ್ರ ನೋಡದವರೂ ಕೇಳಿ ಗುರುತಿಸುವುದು ಹೀಗೆ ಸಾಧ್ಯವಾಯಿತು. ನಮ್ಮಲ್ಲಿ ಆ ಭಾಗ್ಯ ಆಕಸ್ಮಿಕವಾಗಿ ಮಾತ್ರ ಬಂದಿದೆ. ಮಣಿರತ್ನಂ ಅವರ ಮೊದಲ ಚಿತ್ರ, ಕನ್ನಡದ ‘ಪಲ್ಲವಿ ಅನುಪಲ್ಲವಿ’ಗೆ (1983) ಇಳಯರಾಜ ಹೊಸೆದ ವಾದ್ಯಸಂಗೀತದ ಎಳೆಯೊಂದು ಎಷ್ಟೋ ವರ್ಷಗಳ ನಂತರ ಮೊಬೈಲ್ ಸೇವೆಯ ಜಾಹೀರಾತಿನಿಂದಾಗಿ ದೇಶದ ಮನೆಮನೆಗೆ ತಲುಪಿತು. ಅದು ಕನ್ನಡ ಚಿತ್ರದ್ದೆಂದು ತಿಳಿಯದೆ ಅದನ್ನು ಗುನುಗುತ್ತಿದ್ದ ಅನೇಕರನ್ನು ನಾನು ಕಂಡಿದ್ದೇನೆ. ಇದೇ ಇಳಯರಾಜರು ಎಳೆಯ ವಯಸ್ಸಿನಲ್ಲಿ ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದವರು ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ; ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಹಾಡು ಮತ್ತು ಹಿನ್ನೆಲೆ ಸಂಗೀತ ಎರಡು ಬೇರೆ ಕೌಶಲಗಳೆಂದು ಸರ್ಕಾರವೂ ತಡವಾಗಿ ಒಪ್ಪಿತು. 2009ರ ಚಿತ್ರಗಳಿಗೆ ನೀಡಿದ 57ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇವೆರಡಕ್ಕೂ ಪ್ರತ್ಯೇಕ ಪುರಸ್ಕಾರಗಳಿದ್ದವು. ಹಿನ್ನೆಲೆ ಸಂಗೀತದ ಪುರಸ್ಕಾರ ಮಲಯಾಳಂನ ‘ಪಳಸ್ಸಿರಾಜ’ಕ್ಕಾಗಿ ಇಳಯರಾಜರಿಗೆ ಸಂದಿತು. ಕನ್ನಡದಲ್ಲಿ ‘ರಂಗಿತರಂಗ’ (2015) ಒಳ್ಳೆಯ ಉದಾಹರಣೆ: ಹಾಡುಗಳ ಸಂಗೀತ ಚಿತ್ರದ ನಿರ್ದೇಶಕ ಅನೂಪ್ ಭಂಡಾರಿಯವರದು, ಹಿನ್ನೆಲೆ ಸಂಗೀತ ಅಜನೀಶ್ ಲೋಕನಾಥ್ ಅವರದು. ಹಾಡುಗಳನ್ನು ಮಾತ್ರ ಕೇಳಿದವರಿಗೆ ಆ ಚಿತ್ರದ ಭಯ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಈಗ ಪರಿಸ್ಥಿತಿ ಬದಲಾಗಿದೆ, ಅದಕ್ಕೆ ಮುಖ್ಯ ಕಾರಣಗಳಲ್ಲಿ ಡಬ್ಬಿಂಗ್ ಕೂಡ ಒಂದು. ಕೋಲಾರದ ಚಿನ್ನದ ಗಣಿಯ ಹೆಸರು ಹೊತ್ತ ‘ಕೆಜಿಎಫ್’ 2018ರ ಡಿಸೆಂಬರ್‌ನಲ್ಲಿ ಐದು ಭಾಷೆಗಳಲ್ಲಿ ತೆರೆಕಂಡಿತು. ಒಂದು ಭಾಷೆಯ ಮಾತನ್ನು ತೆಗೆದು ಇನ್ನೊಂದನ್ನು ಕೂರಿಸಬೇಕಾದರೆ ಸಂಗೀತ ಮತ್ತು ಸದ್ದುಗಳ ಪಟ್ಟಿ ಮಾತಿನಿಂದ ಬೇರೆಯಾಗಿಯೇ ಇರಬೇಕು. ಜೊತೆಗೆ ಈಗ ಎಲ್ಲವೂ ಗಣಕದಲ್ಲಿ, ಒಂದೊಂದು ವಾದ್ಯಕ್ಕೆ ಒಂದೊಂದು ಕಡತವಾಗಿ ಉಳಿಯುತ್ತದೆ. ಹಾಗಾಗಿ ಇತ್ತೀಚಿನ ಕೆಲವು ಚಿತ್ರಗಳ ಹಿನ್ನೆಲೆ ಸಂಗೀತ ಬೇರೆಯಾಗಿಯೇ ಬಿಡುಗಡೆಯಾಗುತ್ತಿದೆ. ಕೋಲಾರದ ಕಡೆಯಿಂದ ನಮ್ಮ ಭಾನುವಾರದ ಕೂಟಕ್ಕೆ ಬರುವ ಹುಡುಗರು ‘ಕೆಜಿಎಫ್’ಗೆ ಸಂಗೀತ ನೀಡಿದ ರವಿ ಬಸ್ರೂರು ಅವರ ಒಂದೊಂದು ಡೋಲಿನ ಪೆಟ್ಟನ್ನೂ ಎಣಿಸಿ ಹೇಳಬಲ್ಲರು, ಅದಕ್ಕೆ ಈ ಲಭ್ಯತೆಯೂ ಕಾರಣ. ನಿಮ್ಮ ಜಿಲ್ಲೆಯಲ್ಲಿ ಕಿವಿ ಪಳಗಲು ಸಿನಿಮಾಕ್ಕಿಂತ ಹಳೆಯ ದಾರಿಯೂ ಇದೆ. ತಮಟೆ ಕಲಾವಿದ ಮುನಿವೆಂಕಟಪ್ಪನವರು 2023ರಲ್ಲಿ ಪದ್ಮಶ್ರೀ ಪಡೆದದ್ದು ನಿಮಗೆ ಗೊತ್ತೇ ಇರುತ್ತದೆ. ಊರ ಜಾತ್ರೆಯಲ್ಲಿ ತಮಟೆಯನ್ನು ಹತ್ತಿರ ನಿಂತು ಕೇಳಿದವರಿಗೆ, ಚಿತ್ರದಲ್ಲಿ ನಿಜವಾದ ತಮಟೆ ಯಾವುದು, ಕೀಬೋರ್ಡಿನಿಂದ ಹುಟ್ಟಿಸಿದ್ದು ಯಾವುದು ಎಂಬುದು ಬೇಗ ತಿಳಿಯುತ್ತದೆ.

ಹಾಗಾದರೆ ಹಳೆಯ ಚಿತ್ರಗಳ ಗತಿ ಏನು? ಮೊದಲು ಶೀರ್ಷಿಕೆಗಳ ಭಾಗವನ್ನು ಹಿಡಿಯಿರಿ. ಹೆಸರುಗಳು ಬರುವ ಎರಡು ಮೂರು ನಿಮಿಷ ಮಾತಿನ ಅಡ್ಡಿ ಇರುವುದಿಲ್ಲ. ಚಿತ್ರದ ಮುಖ್ಯ ಎಳೆಗಳನ್ನು ಸಂಗೀತ ನಿರ್ದೇಶಕರು ಎಷ್ಟೋ ಸಲ ಅಲ್ಲಿಯೇ ಹರಡಿಟ್ಟಿರುತ್ತಾರೆ. ಅಲ್ಲಿ ಕೇಳಿದ ಸ್ವರಗುಚ್ಛ ಮುಂದೆ ಎಲ್ಲೆಲ್ಲಿ, ಯಾವ ವಾದ್ಯದಲ್ಲಿ, ಯಾವ ಗತಿಯಲ್ಲಿ ಮರಳುತ್ತದೆ ಎಂದು ಸಮಯದೊಡನೆ ಬರೆದಿಡಿ. ಎರಡನೆಯ ಸಲ ನೋಡುವಾಗ ಪರದೆಗೆ ಬೆನ್ನು ಹಾಕಿ ಕೂರಿ. ನಾನು ಇದನ್ನು ಕಲಿತದ್ದು ಗುಬ್ಬಿಯ ಹತ್ತಿರದ ನಮ್ಮ ಊರಿನ ಟೂರಿಂಗ್ ಟಾಕೀಸಿನಿಂದ. ಟಿಕೆಟ್ಟಿಗೆ ಕಾಸಿಲ್ಲದ ರಾತ್ರಿಗಳಲ್ಲಿ ಹೊಲದ ಬದುವಿನ ಮೇಲೆ ಕುಳಿತಿದ್ದಾಗ, ಟೆಂಟಿನ ಸ್ಪೀಕರಿನಿಂದ ಮಾತು ಗಾಳಿಗೆ ಒಡೆದು ಬರುತ್ತಿತ್ತು, ಆದರೆ ಪಿಟೀಲಿನ ಏರುಸ್ವರ ಒಡೆಯದೆ ತಲುಪುತ್ತಿತ್ತು. ಯಾರೋ ಸತ್ತರು, ಯಾರೋ ಮನೆಗೆ ಮರಳಿದರು ಎಂಬುದು ಅದರಿಂದಲೇ ನನಗೆ ತಿಳಿಯುತ್ತಿತ್ತು.

5.1 ಧ್ವನಿ, ಅಂದರೆ ಬೇರೆ ಬೇರೆ ಸ್ಪೀಕರುಗಳಿಗೆ ಹಂಚಿದ ಧ್ವನಿ ಇರುವ ಈಚಿನ ಚಿತ್ರವಾದರೆ ಇನ್ನೊಂದು ಉಪಾಯವಿದೆ. ಅದರಲ್ಲಿ ಮಾತು ಬಹುಮಟ್ಟಿಗೆ ನಡುವಿನ ಸ್ಪೀಕರಿನಿಂದ ಬರುತ್ತದೆ. ಅದೊಂದರ ತಂತಿ ಬಿಚ್ಚಿದರೆ ಎಡ, ಬಲ ಮತ್ತು ಹಿಂದಿನ ಸ್ಪೀಕರುಗಳಲ್ಲಿ ಸಂಗೀತವೇ ಹೆಚ್ಚಾಗಿ ಉಳಿಯುತ್ತದೆ. ಎಲ್ಲವೂ ಒಂದೇ ಪಟ್ಟಿಯಲ್ಲಿರುವ ಮೋನೊ ಧ್ವನಿಯ ಹಳೆಯ ಚಿತ್ರಕ್ಕೆ ಇದು ಒದಗದು. ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಮಾತನ್ನು ಅಳಿಸುವ ಪ್ರಯೋಗವನ್ನು ನಾವೂ ಮಾಡಿದ್ದೇವೆ. ತಬಲಾ, ಡ್ರಮ್ಮುಗಳು ಚೆನ್ನಾಗಿ ಉಳಿಯುತ್ತವೆ, ಆದರೆ ಮನುಷ್ಯನ ಧ್ವನಿಯ ಎತ್ತರದಲ್ಲಿಯೇ ಸಂಚರಿಸುವ ಕೊಳಲು ಮತ್ತು ಪಿಟೀಲು ಮಾತಿನ ಜೊತೆಗೆ ಕರಗಿಹೋಗುತ್ತವೆ. ಮನೆಯಲ್ಲಿ ಕಲಿಕೆಗೆ ಇದು ಸಾಕು. ಹಾಗೆ ತೆಗೆದದ್ದನ್ನು ಹಂಚುವುದು ಬೇರೆ ವಿಷಯ: ನಮ್ಮ ಕಾನೂನಿನಲ್ಲಿ ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ, ಸಂಗೀತ ರಚನೆಯ ಹಕ್ಕು ರಚನಕಾರರ ಜೀವಿತಾವಧಿಯ ನಂತರವೂ 60 ವರ್ಷ ಮುಂದುವರಿಯುತ್ತದೆ.

ಇನ್ನು ನಿಮ್ಮ ತಂದೆಯವರ ಪೆಟ್ಟಿಗೆ. ಅದರಲ್ಲಿನ ಸಂಭಾಷಣೆಯ ಕ್ಯಾಸೆಟ್‌ಗಳನ್ನು ದಯವಿಟ್ಟು ಕಡೆಗಣಿಸಬೇಡಿ. ಅಂಥ ಕ್ಯಾಸೆಟ್‌ಗಳನ್ನು ಚಿತ್ರದ ಧ್ವನಿಪಟ್ಟಿಯಿಂದಲೇ ಮಾಡುತ್ತಿದ್ದುದರಿಂದ ಮಾತಿನ ಅಡಿಯಲ್ಲಿ ಹಿನ್ನೆಲೆ ಸಂಗೀತವೂ ಅವುಗಳಲ್ಲಿ ಬಂದಿರುತ್ತದೆ. ಚಿತ್ರದ ಪ್ರತಿ ಸವೆದು, ಟಿವಿಯಲ್ಲಿ ಕತ್ತರಿಸಿದ ರೂಪ ಮಾತ್ರ ಬರುತ್ತಿರುವಾಗ, ಒಂದು ದೃಶ್ಯದ ಸಂಗೀತ ಅಲ್ಲಿ ಮಾತ್ರ ಪೂರ್ತಿಯಾಗಿ ಸಿಗಬಹುದು. ಪ್ಲೇಯರಿಗೆ ಹಾಕುವ ಮುನ್ನ ಕಿಟಕಿಯ ಬೆಳಕಿನಲ್ಲಿ ಟೇಪಿನ ಸುರುಳಿಯನ್ನು ನೋಡಿ. ಬಿಳಿಯ ಬೂಷ್ಟು ಕಂಡರೆ ಓಡಿಸಬೇಡಿ, ಅದು ಪ್ಲೇಯರಿನ ಹೆಡ್ಡಿಗೆ ಅಂಟಿ ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಚೊಕ್ಕಟವಾಗಿರುವುದನ್ನು ಪೆನ್ಸಿಲ್ ತೂರಿಸಿ ಕೈಯಿಂದ ನಾಲ್ಕು ಸುತ್ತು ಸಡಿಲಿಸಿ, ಪೂರ್ತಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ, ಆಮೇಲೆ ಗಣಕಕ್ಕೆ ಜೋಡಿಸಿ ಧ್ವನಿಮುದ್ರಿಸಿಕೊಳ್ಳಿ. ಹೊದಿಕೆಯ ಮೇಲಿನ ಬರಹದ ಎರಡೂ ಬದಿಯ ಫೋಟೊ ತೆಗೆದು ಅದೇ ಕಡತದ ಜೊತೆಗೆ ಇಡಿ.