ಸ್ಕ್ಯಾನಿಂಗ್ ಯಂತ್ರವಿಲ್ಲದೆ ಗರ್ಭಿಣಿಯ ತೊಡಕು ತಿಳಿಯುವುದು ಹೇಗೆ?

ಪ್ರಶ್ನೆ: ವೈದ್ಯರೂ ಸ್ಕ್ಯಾನಿಂಗ್ ಯಂತ್ರವೂ ಹತ್ತಿರದಲ್ಲಿಲ್ಲದ ಕಡೆ ಮಿಡ್‌ವೈಫ್ ಒಬ್ಬರೇ ತಪಾಸಣೆ ಮಾಡಿದರೆ ಅಪಾಯ ಮೊದಲೇ ಗೊತ್ತಾಗುತ್ತದೆಯೇ? ಅವರಿಗೆ ಅಂಥ ಯಾವ ತರಬೇತಿ ಇರುತ್ತದೆ?

ಉತ್ತರ: ಎಲ್ಲವೂ ಅಲ್ಲದಿದ್ದರೂ ಬಹಳಷ್ಟು ಗೊತ್ತಾಗುತ್ತದೆ. ಮಗುವಿನ ಹೃದಯದ ರಚನಾದೋಷ ಸ್ಕ್ಯಾನಿಂಗ್ ಇಲ್ಲದೆ ಕಾಣುವುದಿಲ್ಲ, ನಿಜ. ಆದರೆ ತಾಯಿಯ ಜೀವಕ್ಕೆ ಎರವಾಗುವ ರಕ್ತದೊತ್ತಡ, ತೀವ್ರ ರಕ್ತಹೀನತೆ, ಸೋಂಕು ಇವುಗಳ ಸುಳಿವು ಬಿ.ಪಿ. ಯಂತ್ರ, ಥರ್ಮಾಮೀಟರ್, ಮೂತ್ರ ಪರೀಕ್ಷೆಯ ಪಟ್ಟಿ, ಒಂದು ಹನಿ ರಕ್ತ ಇಷ್ಟರಲ್ಲೇ ಸಿಗುತ್ತದೆ. ಉಪಕರಣಗಳು ಸರಳ, ಅವನ್ನು ಹಿಡಿದ ಕೈ ಮಾತ್ರ ಪಳಗಿರಬೇಕು.

ರಕ್ತದೊತ್ತಡವನ್ನೇ ನೋಡಿ. ಗರ್ಭಿಣಿಯರ ನಂಜು ಎಂದು ರೂಢಿಯಲ್ಲಿ ಕರೆಯುವ, ರಕ್ತದೊತ್ತಡ ಅಪಾಯಕರವಾಗಿ ಏರುವ ಪ್ರಿಎಕ್ಲಾಂಪ್ಸಿಯಾ ಸಾಮಾನ್ಯವಾಗಿ 20 ವಾರ ಕಳೆದ ಮೇಲೆ ಕಾಣಿಸುತ್ತದೆ. ಒತ್ತಡ 140/90 ತಲುಪಿದರೆ ಎಚ್ಚರಿಕೆ, 160/110 ಮುಟ್ಟಿದರೆ ತುರ್ತು ಚಿಕಿತ್ಸೆ. ಈ ಅಂಕಿಗಳನ್ನು ಬಾಯಿಪಾಠ ಮಾಡಲು ಐದು ನಿಮಿಷ ಸಾಕು. ಸರಿಯಾಗಿ ಅಳೆಯುವುದನ್ನು ಕಲಿಯಲು ಅಷ್ಟು ಸಾಲದು. ನಡೆದು ಬಂದ ಗರ್ಭಿಣಿ ಐದು ನಿಮಿಷವಾದರೂ ಕುಳಿತು ಸುಧಾರಿಸಿಕೊಳ್ಳಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದಗಳು ನೆಲಕ್ಕೆ ಊರಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು, ಅಳೆಯುವಾಗ ಮಾತು ಬೇಡ. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ದೊಡ್ಡದಾದರೆ ಕಡಿಮೆಯಾಗಿ ಕಾಣುತ್ತದೆ. ಸಾಲಿನಲ್ಲಿ ನಲವತ್ತು ಮಂದಿ ಕಾದಿರುವಾಗ ಇದೆಲ್ಲ ಜಾರಿಹೋಗುತ್ತದೆ. ಆಗ ಕೈ ತಾನಾಗಿ 120/80 ಎಂದು ಬರೆದುಬಿಡುತ್ತದೆ. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಈ ಅಭ್ಯಾಸಬಲದ ಅಂಕಿ, ಏಕೆಂದರೆ ಕಾರ್ಡಿನಲ್ಲಿ ಅದನ್ನು ನೋಡಿದ ಮುಂದಿನವರೂ ನಿಶ್ಚಿಂತರಾಗುತ್ತಾರೆ.

ಆದ್ದರಿಂದ ಒಳ್ಳೆಯ ತರಬೇತಿ ಒಂದು ವಾರದ ಉಪನ್ಯಾಸದಲ್ಲಿ ಮುಗಿಯುವುದಿಲ್ಲ. ಕೆಲಸದ ಜಾಗದಲ್ಲೇ, ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ನಡೆಯಬೇಕು. ಒಬ್ಬರು ಗರ್ಭಿಣಿಯ ಪಾತ್ರ ವಹಿಸಿ "ಬೆಳಗ್ಗೆಯಿಂದ ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ" ಎನ್ನುತ್ತಾರೆ. ಇನ್ನೊಬ್ಬರು ಪ್ರಶ್ನೆ ಕೇಳಿ, ಅಳೆದು, ಏನು ಮಾಡಬೇಕೆಂದು ನಿರ್ಧರಿಸುತ್ತಾರೆ. ಉಳಿದವರು ಎಲ್ಲಿ ತಪ್ಪಿತೆಂದು ಹೇಳುತ್ತಾರೆ.

ಉಳಿದ ತಪಾಸಣೆಗಳೂ ಹೀಗೆಯೇ. 24 ವಾರಗಳ ನಂತರ ಗರ್ಭಕೋಶದ ಎತ್ತರ ಸೆಂಟಿಮೀಟರ್‌ನಲ್ಲಿ ಹೆಚ್ಚುಕಡಿಮೆ ವಾರಗಳ ಸಂಖ್ಯೆಯಷ್ಟೇ ಇರುತ್ತದೆ. ಬಹಳ ಹಿಂದೆ ಬಿದ್ದರೆ ಮಗುವಿನ ಬೆಳವಣಿಗೆ ಕುಂಠಿತವಾಗಿದೆಯೇ ಎಂದು ನೋಡಬೇಕು. ಹಿಮೋಗ್ಲೋಬಿನ್ 100 ಮಿ.ಲೀ. ರಕ್ತದಲ್ಲಿ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ.

ಮಾಡಬಾರದ್ದನ್ನೂ ಕಲಿಸುತ್ತಾರೆ. ಕೊನೆಯ ತಿಂಗಳುಗಳಲ್ಲಿ ನೋವಿಲ್ಲದೆ ರಕ್ತ ಹೋದರೆ ಒಳಪರೀಕ್ಷೆ ಮಾಡಲೇಬಾರದು. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕುಳಿತಿದ್ದರೆ ಬೆರಳು ತಾಗಿದ ಮಾತ್ರಕ್ಕೆ ರಕ್ತ ಉಕ್ಕಿ ಹರಿಯಬಹುದು.

ತೊಡಕನ್ನು ಕಂಡುಹಿಡಿದ ಮೇಲೆ ಏನು? ತರಬೇತಿಗಳು ಎಡವುವುದು ಇಲ್ಲೇ ಎಂಬುದು ನನ್ನ ಅನಿಸಿಕೆ. ಮ್ಯಾಗ್ನೀಸಿಯಂ ಸಲ್ಫೇಟ್ ಎಂಬ ಔಷಧಿ ಪ್ರಿಎಕ್ಲಾಂಪ್ಸಿಯಾದ ಫಿಟ್ಸ್ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂದು 33 ದೇಶಗಳ ಸುಮಾರು 10,000 ಮಹಿಳೆಯರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನ 2002ರಲ್ಲೇ ತೋರಿಸಿತು. ಸ್ಥಿತಿ ತೀವ್ರವಾಗಿದ್ದರೆ ಮೊದಲ ಡೋಸ್ ಕೊಟ್ಟೇ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಅದಕ್ಕೆ ಔಷಧಿ ಕಪಾಟಿನಲ್ಲಿರಬೇಕು, ಕೊಡುವ ಅಧಿಕಾರ ಮಿಡ್‌ವೈಫ್‌ಗೆ ಇರಬೇಕು, ಫೋನಿನಲ್ಲಿ ಆಕೆಯ ಮಾತನ್ನು ವೈದ್ಯರು ತಳ್ಳಿಹಾಕದೆ ಕೇಳಬೇಕು. ಇವಿಲ್ಲದೆ ಆಕೆಗೊಬ್ಬಳಿಗೇ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ.

ಗರ್ಭಿಣಿಯ ಕಡೆಯಿಂದಲೂ ಒಂದು ಸಹಾಯ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಕನಿಷ್ಠ 8 ಭೇಟಿಗಳನ್ನು ಸೂಚಿಸುತ್ತಿದೆ. ಮೊದಲನೆಯದು 12 ವಾರ ತುಂಬುವುದರೊಳಗೆ ಆಗಬೇಕು. ಆಗ ಬರೆದಿಟ್ಟ ಒತ್ತಡವೇ ಮುಂದಿನ ಹೋಲಿಕೆಗೆ ಆಧಾರ. ಆದರೆ ಬಿಡದ ತಲೆನೋವು, ಮಂಜಾದ ಕಣ್ಣು, ಪಕ್ಕೆಲುಬಿನ ಕೆಳಗೆ ನೋವು, ಮುಖದಲ್ಲಿ ದಿಢೀರ್ ಊತ ಕಂಡರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬೇಡಿ. ಕಳೆದ ವಾರ ಸರಿಯಿದ್ದ ಒತ್ತಡ ಈಗ ಏರಿರಬಹುದು. ಅದೇ ದಿನ ಹೋಗಿ ಅಳೆಸಿಕೊಳ್ಳಿ.